ಗ್ರಿಲ್ ಎದುರು ತಂದೆಯವರು ನಡೆದುಕೊಳ್ಳತಕ್ಕ ರೀತಿ

ಗೃಹಾಡಳಿತ ಇಲಾಖೆ (ಅಡುಗೆಮನೆ ವಿಭಾಗ)
ಕಿಂಗ್ಸ್‌ಬರಿ, ಲಂಡನ್

ಸಂಖ್ಯೆ: ಗೃಆಇ/ಅಮ/ವಾಗ್ಯು/01

ಸುತ್ತೋಲೆ

ವಿಷಯ: ಮಗಳು ಜಾಹ್ನವಿಯು ಕೆಲಸ ಮಾಡುವ ವಾಗ್ಯು ಸ್ಟೇಕ್‌ಹೌಸಿಗೆ ಡಾ. ಕೃಷ್ಣಪ್ರಸಾದರವರು ಪ್ರಥಮ ಬಾರಿ ಭೇಟಿ ನೀಡುವ ಬಗ್ಗೆ.

ಉಲ್ಲೇಖ: ಇಲ್ಫರ್ಡಿನ ಶ್ರೀ ಸತ್ಯನಾರಾಯಣರವರ ಚಿಪ್ಸ್ ಪ್ರಕರಣ.

* * *

ದಂತವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು, ಜಪಾನಿ ತಳಿಯ ದನದ ಮಾಂಸ ಸುಡುವ ಹೋಟೆಲಿನಲ್ಲಿ ಗ್ರಿಲ್ ನೋಡಿಕೊಳ್ಳುತ್ತಿರುವ ಜಾಹ್ನವಿಯು ಬರುವ ಶನಿವಾರ ಸಂಜೆ ತಂದೆತಾಯಿಯನ್ನು ಊಟಕ್ಕೆ ಕರೆದಿರುತ್ತಾಳೆ. ಸಸ್ಯಾಹಾರಿಗಳೂ ಹೃದ್ರೋಗ ತಜ್ಞರೂ ಆದ ತಂದೆಯವರು ಅಂದು ಮುಖ ಗಂಟಿಕ್ಕಿ ಕುಳಿತಲ್ಲಿ ಆಕೆ ಇನ್ನೊಮ್ಮೆ ಕರೆಯುವ ಸಂಭವವಿಲ್ಲ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಹೊರಡುವ ಮುನ್ನ ಮನೆಯಲ್ಲಿ ಮೊಸರನ್ನ ತಿನ್ನಲು ಅನುಮತಿಸಲಾಗಿದೆ. ಆದರೆ ಹೊಟ್ಟೆ ಬಿರಿಯುವಂತೆ ತಿಂದು, ಅಲ್ಲಿ ಹೋಗಿ "ನಂಗೆ ಹಸಿವೇ ಇಲ್ಲ ಕಣೇ" ಎಂದು ರಾಗ ಎಳೆಯತಕ್ಕದ್ದಲ್ಲ.

2. ಕೋಟಿನ ಜೇಬಿನಲ್ಲಿ ಚಟ್ನಿಪುಡಿ ಒಯ್ಯುವುದನ್ನು ನಿಷೇಧಿಸಲಾಗಿದೆ. ಇಲಾಖಾ ಮುಖ್ಯಸ್ಥೆಯ ಹ್ಯಾಂಡ್‌ಬ್ಯಾಗಿನಲ್ಲಿರುವ ಡಬ್ಬಿಗೆ ಈ ನಿಯಮ ಅನ್ವಯಿಸುವುದಿಲ್ಲ.

3. ಚಿಪ್ಸ್ ಮುಟ್ಟತಕ್ಕದ್ದಲ್ಲ. ಆಲೂಗಡ್ಡೆಯೇ ಹೌದು, ಕರಿಯುವುದು ದನದ ಕೊಬ್ಬಿನಲ್ಲಿ. ಕುಟುಂಬ ಸ್ನೇಹಿತರಾದ ಶ್ರೀ ಸತ್ಯನಾರಾಯಣರವರು ಇಂಥದೇ ಹೋಟೆಲೊಂದರಲ್ಲಿ "ಆಹಾ, ತುಪ್ಪದಲ್ಲಿ ಕರಿದಿದ್ದಾರೆ ಕಣ್ರೀ!" ಎಂದು ಎರಡು ಬಟ್ಟಲು ಮುಗಿಸಿ, ವಿಷಯ ತಿಳಿದ ಮೇಲೆ ತಲೆಗೆ ಸ್ನಾನ ಮಾಡಿ ಫೋನ್ ಆಫ್ ಮಾಡಿದ್ದನ್ನು ನೆನಪಿಡತಕ್ಕದ್ದು.

4. ಪಕ್ಕದ ಮೇಜಿನವರ ಸ್ಟೇಕಿನಲ್ಲಿರುವ ಬಿಳಿ ಕೊಬ್ಬಿನ ಎಳೆಗಳನ್ನು ಆಂಜಿಯೋಗ್ರಾಂ ಓದಿದಂತೆ ಓದಬಾರದು. ಅವರು ಊಟಕ್ಕೆ ಬಂದಿರುತ್ತಾರೆ, ಕ್ಲಿನಿಕ್ಕಿಗಲ್ಲ. ಕೇಳದೆ ಕೊಲೆಸ್ಟ್ರಾಲ್ ವಿಚಾರ ಎತ್ತಿದಲ್ಲಿ ಮೇಜಿನ ಕೆಳಗಿನಿಂದ ಕಾಲು ತುಳಿಯಲಾಗುವುದು.

5. ಜಾಹ್ನವಿಯು ತಂದೆಯವರಿಗೆಂದೇ ಬೇರೆ ಬಾಣಲೆಯಲ್ಲಿ, ಬೆಣ್ಣೆ ಹಾಕಿ, ಹೂಕೋಸು ಹುರಿಯುವುದಾಗಿ ತಿಳಿಸಿದ್ದಾಳೆ. ಅದನ್ನು ಪೂರ್ತಿ ತಿನ್ನತಕ್ಕದ್ದು. ಆಕೆ ಬಂದು "ಅಪ್ಪಾ, ಹೌ ಈಸ್ ಇಟ್?" ಎಂದು ಕೇಳಿದಾಗ "ಪರವಾಗಿಲ್ಲ" ಎಂಬುದನ್ನು ಹೊಗಳಿಕೆಯೆಂದು ಪರಿಗಣಿಸಲಾಗುವುದಿಲ್ಲ.

6. ಒಂದು ವರ್ಷದಿಂದ ಕನ್ನಡ ಬಳಗದ ಕೂಟಗಳಲ್ಲಿ ತಂದೆಯವರು "ಮಗಳು ಫುಡ್ ಸೈನ್ಸ್‌ನಲ್ಲಿದ್ದಾಳೆ" ಎಂದು ಹೇಳಿಕೊಂಡು ಬಂದಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಜಾಹ್ನವಿಯ ಗಮನಕ್ಕೂ ಬಂದಿದೆ. ಅದು ತಿಳಿದ ರಾತ್ರಿ ಅವಳು ಊಟ ಮಾಡಲಿಲ್ಲ. ಹೋಟೆಲಿನಲ್ಲಿ ಪರಿಚಿತರು ಕಂಡಲ್ಲಿ ಮೆನು ಕಾರ್ಡಿನ ಹಿಂದೆ ಅವಿತುಕೊಳ್ಳದೆ, "ಇವಳು ನನ್ನ ಮಗಳು, ಇಲ್ಲಿ ಗ್ರಿಲ್ ನೋಡ್ಕೋತಾಳೆ" ಎಂದು ಕೇಳಿಸುವಂತೆ ಹೇಳತಕ್ಕದ್ದು. ನಾಲಗೆ ಹೊರಳದಿದ್ದಲ್ಲಿ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡಿಕೊಳ್ಳಬಹುದು.

7. ಕಣ್ಣಲ್ಲಿ ನೀರು ಬಂದಲ್ಲಿ ಹೊಗೆಯ ಮೇಲೆ ಹಾಕಲು ಅವಕಾಶವಿಲ್ಲ. ಅಲ್ಲಿನ ಚಿಮಣಿ ಬಹಳ ಚೆನ್ನಾಗಿದೆಯಂತೆ.

ತಪ್ಪಿದಲ್ಲಿ ಭಾನುವಾರದ ಬಿಸಿಬೇಳೆಬಾತನ್ನು ಯಾವುದೇ ನೋಟಿಸು ನೀಡದೆ ರದ್ದುಪಡಿಸಲಾಗುವುದು.

(ಸಹಿ)
ವೇದವತಿ
ಇಲಾಖಾ ಮುಖ್ಯಸ್ಥೆ ಹಾಗೂ ಧರ್ಮಪತ್ನಿ

ಪ್ರತಿಗಳು:
1. ಡಾ. ಕೃಷ್ಣಪ್ರಸಾದರವರಿಗೆ, ಫ್ರಿಜ್ಜಿನ ಬಾಗಿಲಿನ ಮೂಲಕ, ಚಾಚೂ ತಪ್ಪದೆ ಪಾಲಿಸಲು.
2. ಶ್ರೀ ಸತ್ಯನಾರಾಯಣ, ಇಲ್ಫರ್ಡ್. ಕಲಂ 3ರ ಬಗ್ಗೆ ಬೇಸರಿಸಿಕೊಳ್ಳಬಾರದೆಂಬ ಕೋರಿಕೆಯೊಂದಿಗೆ.
3. ಕು. ಜಾಹ್ನವಿ, ಗ್ರಿಲ್ ವಿಭಾಗ, ಮಾಹಿತಿಗಾಗಿ. ಫ್ರಿಜ್ಜಿಗೆ ಅಂಟಿಸಿದ ನಂತರ ಸೇರಿಸಿದ ಷರಾ: ಕಲಂ 6ರ ಅಭ್ಯಾಸ ಮೊನ್ನೆಯಿಂದ ನಡೆದಿದೆ. ನಿನ್ನೆ ಲಿಫ್ಟಿನಲ್ಲಿ ಜನ ಇದ್ದಾಗಲೂ ಹೇಳಿದರು.