ಅಕ್ಕನ ಹುಲ್ಲಿಗೆ ಹಾಕಿದ ಸುಣ್ಣ

ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಮನುಷ್ಯನ ಕೈ ಅವನ ಮಾತು ಕೇಳುವುದಿಲ್ಲ. ನಮ್ಮ ಓಣಿಯ ದರ್ಜಿ ಸಲೀಂಭಾಯಿ ಎದುರಿಗೆ ಸಿಕ್ಕರೆ ನಮಸ್ಕಾರಕ್ಕಿಂತ ಮೊದಲು ನನ್ನ ಅಂಗಿಯ ಭುಜದ ಹೊಲಿಗೆಯನ್ನು ಎಳೆದು ನೋಡುತ್ತಾನೆ. ನನ್ನದು ಪೆಂಡಾಲ್ ಹಾಕುವ ಕಸುಬು. ಬೆಂಗೇರಿಯಲ್ಲಿ ಮನೆ, ಮನೆಯ ಹಿಂದೆ ಬಿದಿರು, ತಗಡು, ಕುರ್ಚಿಗಳ ರಾಶಿ. ಕಂಬ ನೆಡುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದುಕೊಳ್ಳಬೇಕು: ಇಲ್ಲಿ ವೇದಿಕೆ, ಇಲ್ಲಿ ಊಟದ ಸಾಲು, ಇಲ್ಲಿ ಒಲೆ. ಮುಷ್ಟಿಯಲ್ಲಿ ಸುಣ್ಣ ಹಿಡಿದರೆ ಸಾಕು, ಬೆರಳ ಸಂದಿಯಿಂದ ಅದು ತಾನಾಗಿ ಗೆರೆಯಾಗಿ ಇಳಿಯುತ್ತದೆ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಅಕ್ಕನ ಮನೆಗೆ ಹೋದರೆ ಆ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಅಕ್ಕ ಧಾರವಾಡದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು; ಊರಿಗೆಲ್ಲ ಅವಳು ‘ಬಾಯಾರು’, ಅಂದರೆ ಟೀಚರಮ್ಮ. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಊರ ಮಕ್ಕಳನ್ನೆಲ್ಲ ಪಾಸು ಮಾಡಿಸಿದ ಅವಳಿಗೆ ನನ್ನನ್ನು ಮಾತ್ರ ಏಳನೇ ಇಯತ್ತೆ ದಾಟಿಸಲು ಆಗಲಿಲ್ಲ. ಅದಕ್ಕಾಗಿ ಅವಳು ಒಂದು ದಿನವೂ ಬೈದವಳಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯದೆ ಬಿಟ್ಟಿದ್ದರಿಂದ ಅವಳು ಏನು ಹೇಳಿದರೂ ‘ಹೂಂ’ ಎನ್ನುವುದು ನನಗೆ ರೂಢಿಯಾಗಿಬಿಟ್ಟಿದೆ.

ಅವಳ ಮನೆಯ ಮುಂದೆ ಒಂದು ತುಂಡು ಲಾನ್ ಇದೆ. ಅದರ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ನಡೆಯುವಂತಿಲ್ಲ. ಬರಿಗಾಲಲ್ಲಿ ನಡೆದರೆ ಪಾದ ನೋಡುತ್ತಾಳೆ. ಈ ಸಲ ಬೇಸಿಗೆಯಲ್ಲಿ ಆ ಹುಲ್ಲು ಕಾಮಾಲೆಯಾದವರಂತೆ ಹಳದಿಗಟ್ಟಿತು. ಅಕ್ಕ ಮಣ್ಣು ಪರೀಕ್ಷೆ ಮಾಡಿಸಿ ನನ್ನನ್ನು ಕರೆದಳು.

“ಬಸ್ಯಾ, ಮಣ್ಣಿನ್ಯಾಗ ಹುಳಿ ಹೆಚ್ಚಾಗೇತಿ.”

“ಹಂಗಾರ ಒಂದು ಚೂರು ಬೆಲ್ಲ ಹಾಕು,” ಎಂದೆ. ಸಾರಿಗೆ ನಾವು ಮಾಡುವುದು ಅದನ್ನೇ.

ಅಕ್ಕ ಪರೀಕ್ಷೆಯ ಚೀಟಿ ಮಡಚಿಟ್ಟಳು. “ಸುಣ್ಣ ಹಾಕಬೇಕೋ. ನಿನಗ ಪಿತ್ತಾದಾಗ ಸೋಡಾ ಕುಡಿತಿಯಲ್ಲ, ಹಂಗ. ಎಲ್ಲಾ ಕಡೆ ಒಂದ ಸಮ ಬೀಳಬೇಕು, ರೊಟ್ಟಿಗೆ ಹಿಟ್ಟು ಉದುರಿಸಿದಂಗ. ನಿನ್ನ ಕೈಯಾಗ ಸುಣ್ಣ ಆಡಿದಷ್ಟು ಇನ್ಯಾರ ಕೈಯಾಗ ಆಡತೈತಿ?”

ಅಳೆದು ತೂಗಿದ ಸುಣ್ಣದ ಚೀಲವನ್ನು ನನ್ನ ಕೈಗೆ ಕೊಟ್ಟು ಅವಳು ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಳು. ಒಂದೇ ಸಮ ಬೀಳಬೇಕಾದರೆ ಮೊದಲು ಹುಲ್ಲನ್ನು ನಾಲ್ಕು ಭಾಗ ಮಾಡಿಕೊಳ್ಳುವುದು ಒಳ್ಳೆಯದೆಂದು ನನಗನ್ನಿಸಿತು. ಅದಕ್ಕೊಂದು ಗೆರೆ ಎಳೆದೆ. ಗೇಣಗಲದ ಗೆರೆ, ಹಗ್ಗ ಹಿಡಿದಷ್ಟು ನೇರ. ಅದು ಎಷ್ಟು ಚೆಂದ ಬಂತೆಂದರೆ ಅದರ ಜೊತೆಗೆ ಇನ್ನೊಂದು ಎಳೆಯದಿರಲು ಆಗಲಿಲ್ಲ. ಆಮೇಲಿನದು ನನ್ನ ಕೈಯ ಕೆಲಸ, ನನ್ನದಲ್ಲ. ಸೊಂಟ ನೆಟ್ಟಗೆ ಮಾಡಿ ನೋಡಿದಾಗ ವೇದಿಕೆ, ಕಂಬಗಳ ಜಾಗ, ಊಟದ ಎರಡು ಸಾಲು, ಮೂಲೆಯಲ್ಲಿ ದುಂಡಗೆ ಒಲೆ, ಎಲ್ಲ ತಯಾರಾಗಿತ್ತು. ಚೀಲ ಖಾಲಿ.

ಆಗಲೇ ಹೇಳಿಬಿಡಬೇಕಿತ್ತು. ನಾನು ಹೇಳಲಿಲ್ಲ. ಪೈಪು ಹಿಡಿದು ನೀರು ಬಿಟ್ಟೆ, ಬಿಳಿಯೆಲ್ಲ ಇಂಗಿಹೋಯಿತು.

“ಮುಗೀತೇನೋ?” ಎನ್ನುತ್ತ ಅಕ್ಕ ಬಂದಳು.

“ಮುಗೀತು.”

“ಒಂದ ಸಮ ಬಿತ್ತೇನು?”

“ಹೂಂ.”

ಅವಳು ಖುಷಿಯಿಂದ ಗಿರಮಿಟ್ಟು ಮಾಡಿಕೊಟ್ಟಳು. ನಾಚಿಕೆಯಿಂದ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಎರಡು ಸಲ ಹಾಕಿಸಿಕೊಂಡೆ.

ಮಳೆ ಹಿಡಿಯಿತು. ಸುಣ್ಣ ಬಿದ್ದ ಕಡೆಯ ಹುಲ್ಲು ಮೊದಲು ಸ್ವಲ್ಪ ಮುಖ ಬಾಡಿಸಿತು, ಆಮೇಲೆ ಕಡುಹಸಿರಾಗಿ ಎದ್ದಿತು. ಉಳಿದದ್ದು ಹಳದಿಯಾಗಿಯೇ ಇತ್ತು. ಶ್ರಾವಣದ ಹೊತ್ತಿಗೆ ಅಕ್ಕನ ಅಂಗಳದಲ್ಲಿ ನನ್ನ ಪೆಂಡಾಲು ಹಸಿರಿನಲ್ಲಿ ಬಿಡಿಸಿದ ಹಾಗೆ ಕಾಣುತ್ತಿತ್ತು. ಎದುರು ಮನೆಯ ಕಾಕೂ ಗೇಟಿಗೆ ಬಂದು, “ಏನ್ರೀ ಬಾಯಾರ, ಪೆಂಡಾಲಿಗೆ ಗುರ್ತು ಹಾಕಿಸೀರಿ, ಯಾರ ಲಗ್ನರೀ? ನಮಗೊಂದು ಮಾತು ಹೇಳಲಿಲ್ಲಲ್ಲ,” ಎಂದರಂತೆ. ಆ ಮನೆಯಲ್ಲಿ ಇರುವವಳು ಅಕ್ಕ ಒಬ್ಬಳೇ. ಸಂಜೆಯೊಳಗೆ ಓಣಿಯವರು ಅವಳ ಲಗ್ನ ನಿಶ್ಚಯ ಮಾಡಿದ್ದರು. ಮೂಲೆ ಮನೆಯ ನಿವೃತ್ತ ಮ್ಯಾನೇಜರ್ ಸಾಹೇಬರು, ಯಾರೂ ಏನೂ ಕೇಳದಿದ್ದರೂ, ತಲೆಗೆ ಬಣ್ಣ ಹಚ್ಚಿಕೊಂಡು ವಾಕಿಂಗಿಗೆ ಹೊರಟರು.

ಇದನ್ನೆಲ್ಲ ಅಕ್ಕ ಫೋನಿನಲ್ಲಿ ನಗುನಗುತ್ತಲೇ ಹೇಳಿದಳು. ಕೊನೆಗೆ, “ನಾಳಿ ನಮ್ಮ ಸಾಲಿ ಬಾಯಾರೆಲ್ಲ ಚಹಾಕ್ಕ ಬರಾಕತ್ತಾರ, ನೀನೂ ಬಾ,” ಎಂದಳು. ವಿಜ್ಞಾನದ ಬಾಯಾರು ಸುಣ್ಣ ಹಾಕಿಸಿದ ಹುಲ್ಲು ಹೀಗೆ ಪಟ್ಟೆಪಟ್ಟೆಯಾಗಿದೆ ಎಂದು ಅವರ ಮುಂದೆ ಅವಳ ಮಾನ ಹೋಗುವುದಿತ್ತು. ಅವರು ಬರುವ ಮೊದಲೇ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಬಸ್ಸಿನಲ್ಲಿ ಕೂತು ತಾಲೀಮು ಮಾಡಿದೆ. ನನ್ನ ತುಟಿ ಅಲ್ಲಾಡುವುದನ್ನು ನೋಡಿ ಪಕ್ಕದ ಹೆಣ್ಣುಮಗಳು ಬೇರೆ ಸೀಟಿಗೆ ಹೋದಳು. ಆದರೆ ನಾನು ಮುಟ್ಟುವಷ್ಟರಲ್ಲಿ ಬಾಯಾರೆಲ್ಲ ಹುಲ್ಲಿನ ಸುತ್ತ ನಿಂತುಬಿಟ್ಟಿದ್ದರು.

“ಸುಣ್ಣ ಹಾಕಸೇನಿ ಅಂದಿದ್ರಿ. ಹಿಂಗ್ಯಾಕ ಆತ್ರಿ ಇದು?” ಎಂದು ಹಳೆಯ ಹೆಡ್‌ಬಾಯಾರು ಕೇಳುತ್ತಿದ್ದರು.

“ಅದು ನಾನು…” ಎಂದು ಬಾಯಿ ತೆರೆದೆ.

ಅಕ್ಕ ನನ್ನ ಕೈಗೆ ಚಹಾದ ಕಪ್ಪು ಕೊಟ್ಟಳು. “ಬೇಕಂತನ ಹಂಗ ಹಾಕಸೇನ್ರಿ. ಹಾಕಿದಲ್ಲಿ ಹೆಂಗ, ಬಿಟ್ಟಲ್ಲಿ ಹೆಂಗ, ಬಾಜೂಕ ಬಾಜೂ ಕಾಣಬೇಕಲ್ಲ. ಪ್ರಯೋಗ ಅಂದ್ರ ಹಂಗರಿ. ನಮ್ಮ ಬಸ್ಯಾಂದ ವಿಚಾರ ಇದು.”

ಬಾಯಾರೆಲ್ಲ ನನ್ನ ಕಡೆ ತಿರುಗಿ ತಲೆದೂಗಿದರು. ಹೆಡ್‌ಬಾಯಾರು ಮೂಲೆಯ ಒಲೆಯ ಕಡೆ ಬೆರಳು ತೋರಿಸಿದರು. “ಛಲೋ ವಿಚಾರರಿ. ಆದರ ಆ ದುಂಡಂದು ಏನ್ರಿ?”

“ಅಲ್ಲಿ ನೀರು ನಿಲ್ಲತೈತ್ರಿ. ಅದಕ್ಕ ಅಲ್ಲೀದು ಬ್ಯಾರೇನ ನೋಡಬೇಕು,” ಎಂದಳು ಅಕ್ಕ, ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿಯುತ್ತ.

ಎಲ್ಲರೂ ಹೋದ ಮೇಲೆ ಅವಳು ಕಪ್ಪುಗಳನ್ನು ಒಟ್ಟು ಮಾಡುತ್ತ ಕೇಳಿದಳು: “ಊಟಕ್ಕ ಎರಡು ಸಾಲು ಎಳದೀಯಲ್ಲೋ, ನನ್ನ ಲಗ್ನಕ್ಕ ಅಷ್ಟು ಮಂದಿ ಬರತಾರೇನು?”

“ನಿನಗ ಯಾವಾಗ ಗೊತ್ತಾತಕ್ಕ?”

“ಹುಲ್ಲು ಚಿಗತಾಗ. ನಿನ್ನ ಬಾಯಿಂದ ಬರಲಿ ಅಂತ ಕುಂತಿದ್ದೆ.”

“ತಪ್ಪಾತಕ್ಕ,” ಎಂದೆ. ಅವಳು ಒಳಗಿನಿಂದ ಹೊಸ ಚೀಲ ತಂದಿಟ್ಟಳು, ಜೊತೆಗೊಂದು ಜರಡಿ. ಜರಡಿಯಿಂದ ಗೆರೆ ಎಳೆಯಲು ಬರುವುದಿಲ್ಲವಲ್ಲ.

ಬೈಗುಳ ಈ ಸಲವೂ ಇಲ್ಲ. ತಿರುಗಿ ಬರುವಾಗ ನನ್ನನ್ನು ಕಾಡಿದ್ದು ಹುಲ್ಲಲ್ಲ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅಕ್ಕ ನನ್ನ ಸಲುವಾಗಿ ಸುಳ್ಳು ಹೇಳಿದ್ದಳು. ಅದೂ ಹೇಗೆ? ದನಿ ನಡುಗಲಿಲ್ಲ, ಕಾರಣ ಸಮೇತ ಹೇಳಿದಳು, ಒಲೆಗೂ ಒಂದು ಜವಾಬು ಹುಡುಕಿದಳು. ನನ್ನ ಸುಳ್ಳುಗಳೆಲ್ಲ ಒಂದೊಂದೇ ಮಾತಿನವು, ಎರಡನೇ ಪ್ರಶ್ನೆಗೆ ನಿಲ್ಲುವುದಿಲ್ಲ. ಬೇರೆ ಏನೂ ಬಾರದಿದ್ದರೂ ಸುಳ್ಳು ಹೇಳುವುದೊಂದು ಅಕ್ಕನಿಗಿಂತ ನನಗೆ ಚೆನ್ನಾಗಿ ಬರುತ್ತದೆ ಎಂದು ಇಷ್ಟು ದಿನ ತಿಳಿದುಕೊಂಡಿದ್ದೆ.