ಎರಡು ಮೂಟೆ ಉಪ್ಪು, ಒಂದು ಈಜುಕೊಳ

ಊರವರೆಲ್ಲ ಮಲಯಾಳದಲ್ಲಿ 'ಚೇಟ', ಅಂದರೆ ಅಣ್ಣ, ಎಂದು ಕರೆಯುವ ಐಪ್‌ನನ್ನು ನಾನು ಮೊದಲು ಕಂಡದ್ದು ಎಂಬತ್ತೈದನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಕಡಬ ಪೇಟೆಯ ಆದಂ ಕುಂಞಿಯ ಅಂಗಡಿಯಲ್ಲಿ. ನನ್ನ ಕಾಲು ಕಿಲೋ ಬೆಲ್ಲ ಇನ್ನೂ ತಕ್ಕಡಿಯಲ್ಲಿರುವಾಗಲೇ ಅವನು ಎರಡು ಮೂಟೆ ಉಪ್ಪು ಕೇಳಿದ.

"ಎರಡು ಮೂಟೆಯಾ? ಮೀನು ಒಣಗಿಸುದಾ ಚೇಟ?" ಎಂದ ಆದಂ ಕುಂಞಿ.

"ಅಲ್ಲ. ನೀರಿಗೆ ಹಾಕುದು."

"ಸಮುದ್ರದಿಂದ ಕಷ್ಟಪಟ್ಟು ತೆಗೆದದ್ದನ್ನು ಪುನಃ ನೀರಿಗೆ ಹಾಕುದಾ?"

"ನಿನಗೆ ಗೊತ್ತಾಗ್ಲಿಕ್ಕಿಲ್ಲ ಮಾರಾಯ. ಇದು ವಿಜ್ಞಾನ."

ಆ ವಿಜ್ಞಾನದ ಕಥೆಯನ್ನು ಅವನೇ ಮುಂದೊಂದು ದಿನ ನಕ್ಕು ನಕ್ಕು ನನಗೆ ಹೇಳಿದ.

ಐಪ್ ಬಹ್ರೈನಿನ ಒಂದು ದೊಡ್ಡ ಹೋಟೆಲಿನಲ್ಲಿ ಹನ್ನೊಂದು ವರ್ಷ ಈಜುಕೊಳ ನೋಡಿಕೊಂಡವನು. ಕಸ ಹೆಕ್ಕಿದ, ಗೋಡೆ ಉಜ್ಜಿದ, ಬಿಳಿಯ ದೊರೆಗಳು ನೀರಿನ ಮೇಲೆ ಮಲಗಿ ಪುಸ್ತಕ ಓದುವುದನ್ನು ನೋಡಿದ. ಕೆಲಸದವರು ನೀರಿಗಿಳಿಯಬಾರದೆಂದು ಅಲ್ಲಿ ಬೋರ್ಡು ಇತ್ತು. ಹಾಗಾಗಿ ಹನ್ನೊಂದು ವರ್ಷದಲ್ಲಿ ಆ ನೀರು ಅವನ ಮೊಣಕೈ ದಾಟಲಿಲ್ಲ. ಕೊಳದ ನೀರು ಶುಚಿ ಮಾಡುವ ಹೊಸ ಯಂತ್ರ ಹೋಟೆಲಿಗೆ ಬಂದಾಗ ಹಳೆಯದನ್ನು ಬೇಡಿ ಪಡೆದು, ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ಊರಿಗೆ ಹೊತ್ತು ತಂದ. ಸ್ವಂತ ಈಜುಕೊಳದಲ್ಲಿ ಒಮ್ಮೆ ಕುತ್ತಿಗೆಯವರೆಗೆ ಮುಳುಗಿ ನಿಲ್ಲಬೇಕೆಂಬುದು ಅವನ ಭೀಷ್ಮಪ್ರತಿಜ್ಞೆ! ಈಜು ಬರುವುದಿಲ್ಲ ಎಂಬುದು ಬೇರೆ ಮಾತು.

ತೋಟದ ಸಿಮೆಂಟು ಟಾಂಕಿ ಈಜುಕೊಳವಾಯಿತು. ಹೆಂಡತಿ ವತ್ಸಮ್ಮ ಷರತ್ತು ಹಾಕಿದಳು. "ಮಳೆ ಹಿಡಿಯುದರೊಳಗೆ ನಿಮ್ಮ ಕೊಳ ಸರಿಯಾಗದಿದ್ದರೆ ನನ್ನ ಟಾಂಕಿ ವಾಪಸು. ಹಂದಿಗೂಡು ತೊಳೀಲಿಕ್ಕೆ ನೀರು ಬೇಕು."

"ಉಪ್ಪುನೀರಿಗೆ ಕರೆಂಟು ಕೊಟ್ಟರೆ ಯಂತ್ರವೇ ಕ್ಲೋರಿನ್ ಮಾಡ್ತದೆ. ಪಾಚಿ ಹತ್ತಿರ ಬರುದಿಲ್ಲ. ಉಪ್ಪು ಒಮ್ಮೆ ಹಾಕಿದರೆ ಮುಗೀತು. ನೀರು ಆವಿಯಾದರೂ ಉಪ್ಪು ಅಲ್ಲಿಯೇ ಇರುದು."

"ಡಾಕ್ಟ್ರು ನಿಮಗೆ ಬೇಡ ಅಂದ ಉಪ್ಪೆಲ್ಲ ಟಾಂಕಿಗೆ ಆಯ್ತು."

ರಕ್ತದೊತ್ತಡವೆಂದು ಪುತ್ತೂರಿನ ಡಾಕ್ಟರು ಐಪ್‌ನ ಉಪ್ಪು ನಿಲ್ಲಿಸಿ ಒಂದು ವರ್ಷವಾಗಿತ್ತು. ಅಂದಿನಿಂದ ವತ್ಸಮ್ಮ ಬಡಿಸುತ್ತಿದ್ದದ್ದು ಸಪ್ಪೆ ಗಂಜಿ.

ಯಂತ್ರದ ಜೊತೆ ಬಂದ ಪುಸ್ತಕವನ್ನು ಗೆದ್ದಲು ಓದಿ ಮುಗಿಸಿತ್ತು. ಐಪ್ ಎದೆಗುಂದಲಿಲ್ಲ. "ಗಂಜಿತಿಳಿಯಷ್ಟು ಉಪ್ಪಾದರೆ ಸಾಕು. ಹನ್ನೊಂದು ವರ್ಷದ ಅನುಭವದ ನಾಲಗೆ ಇದು" ಎಂದ. ಅರ್ಧ ಮೂಟೆ ಕರಗಿಸಿ, ಬೊಗಸೆ ನೀರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸಾಕೆಂದು ಕೈಯೆತ್ತಿದ. ಯಂತ್ರದಲ್ಲಿ ಕೆಂಪು ದೀಪ ಹೊತ್ತಿತು. ಉಪ್ಪು ಸಾಲದೆಂದು ಅದರ ಅರ್ಥ.

"ದೀಪ ಹಾಳಾಗಿದೆ" ಎಂದು ಐಪ್ ತೀರ್ಪು ಕೊಟ್ಟ.

ಹತ್ತು ದಿನಗಳಲ್ಲಿ ನೀರು ಹಸಿರಾಯಿತು. ಹದಿನೈದನೆಯ ದಿನ ಕಪ್ಪೆಯೊಂದು ಕುಟುಂಬಸಮೇತ ಗೃಹಪ್ರವೇಶ ಮಾಡಿತು. ಐಪ್ ದೀಪವನ್ನು ಬಿಚ್ಚಿ, ಕಾಗದದಲ್ಲಿ ಕಟ್ಟಿಕೊಂಡು, ರಿಪೇರಿಗೆಂದು ಪುತ್ತೂರಿನ ಬಸ್ಸು ಹತ್ತಿದ.

ಅವನು ಅತ್ತ ಹೋದಾಗ ಅಡಿಕೆಗೆ ಮದ್ದು ಬಿಡುವ ತ್ಯಾಂಪಣ್ಣ ಇತ್ತ ಬಂದು ಟಾಂಕಿಗೆ ಇಣುಕಿದ. ತ್ಯಾಂಪಣ್ಣನ ವೈದ್ಯಶಾಸ್ತ್ರದಲ್ಲಿ ರೋಗ ನೂರಾದರೂ ಮದ್ದು ಒಂದೇ: ಮೈಲುತುತ್ತು ಮತ್ತು ಸುಣ್ಣ. ಅಡಿಕೆಯ ಕೊಳೆರೋಗ ನಿಲ್ಲಿಸುವ ಮದ್ದಿಗೆ ಈ ಪಾಚಿ ಯಾವ ಲೆಕ್ಕ? ಯಾರನ್ನೂ ಕೇಳದೆ ಒಂದು ಪೀಪಾಯಿ ಕಲಸಿ ಸುರಿದ.

ದೀಪ ಸರಿಯಾಗಿಯೇ ಇದೆ ಎಂದು ರಿಪೇರಿಯವನು ಹೇಳಿದ್ದರಿಂದ ಸಿಡುಕುತ್ತ ಮರಳಿದ ಐಪ್ ಟಾಂಕಿಯ ಬಳಿ ಕಂಬದಂತೆ ನಿಂತ. ಕೊಳ ನೀಲಿ! ಆಕಾಶವನ್ನು ಕತ್ತರಿಸಿ ಹಾಸಿದ ಹಾಗೆ ನೀಲಿ!

"ವತ್ಸಮ್ಮಾ, ಬಂದು ನೋಡು. ಬಹ್ರೈನ್ ನೀಲಿ."

"ಚೇಟ, ಒಂದು ಮಾತುಂಟು" ಎಂದ ತ್ಯಾಂಪಣ್ಣ.

"ಆಮೇಲೆ ಹೇಳು. ನಾಳೆ ಆದಂ ಕುಂಞಿಯನ್ನು ಕರೀಬೇಕು."

"ಆ ನೀರು ಉಂಟಲ್ಲ..."

"ನಿನಗೂ ಇಳೀಲಿಕ್ಕೆ ಉಂಟು. ಅವಸರ ಮಾಡಬೇಡ."

ಮರುದಿನ ಆದಿತ್ಯವಾರ. ಇಗರ್ಜಿಯಿಂದ ಬಂದ ಐಪ್, ಶಿಲುಬೆಯ ಗುರುತು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕುತ್ತಿಗೆಯವರೆಗೆ ನಿಂತ. ಕಣ್ಣು ಒದ್ದೆಯಾದದ್ದು ನೀರಿನಿಂದಲ್ಲ. ಮೂರು ಸಲ ಮುಳುಗಿ, ಚಕ್ರವರ್ತಿಯ ಗತ್ತಿನಲ್ಲಿ ಮೇಲೆ ಬಂದು ಬಿಸಿಲಿಗೆ ಕುಳಿತ. ತಲೆ ಒಣಗುತ್ತ ಬಂದಂತೆ ಹತ್ತಿಯಂಥ ಬಿಳಿಗೂದಲು ಹಸಿರುನೀಲಿಗೆ ತಿರುಗಿತು. ಮೀಸೆಯೂ ಹಿಂದುಳಿಯಲಿಲ್ಲ.

"ನಿಮ್ಮ ತಲೆ ಎಂತ ಗಿಳಿಯ ಹಾಗೆ ಆಗಿದೆ?" ಎಂದಳು ವತ್ಸಮ್ಮ.

"ಅದನ್ನೇ ನಾನು ನಿನ್ನೆಯಿಂದ ಹೇಳಲಿಕ್ಕೆ ನೋಡುದು" ಎಂದ ತ್ಯಾಂಪಣ್ಣ. "ನೀರಿಗೆ ಮೈಲುತುತ್ತು ಬಿಟ್ಟಿದ್ದೇನೆ ಚೇಟ."

ಆದಂ ಕುಂಞಿ ಸಮಾಧಾನ ಹೇಳಿದ. "ಹೆದರಬೇಡಿ. ಈ ಮಳೆಗಾಲ ನಿಮಗೆ ಕೊಳೆರೋಗ ಬರ್ಲಿಕ್ಕಿಲ್ಲ."

ತಲೆ, ಮೀಸೆ ಎರಡನ್ನೂ ಬೋಳಿಸಬೇಕಾಯಿತು. ಮುಂದಿನ ವಾರ ಇಗರ್ಜಿಯ ಬಾಗಿಲಲ್ಲಿ ಪಾದ್ರಿಗಳು ಮೆಲ್ಲಗೆ ಕೇಳಿದರು: "ಐಪ್, ತಿರುಪತಿಗೆ ಹೋಗಿದ್ದೆಯಾ?"

ನೀಲಿ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟು, ಟಾಂಕಿ ತಿಕ್ಕಿ, ಹೊಸ ನೀರು ತುಂಬಿಸಿದರು. ಮಳೆಗೆ ಒಂದು ವಾರ ಉಳಿದಿತ್ತು. ಐಪ್ ಮತ್ತೆ ಅರ್ಧ ಮೂಟೆ ಹಾಕಿ, ರುಚಿ ನೋಡಿ, ಸಾಕೆಂದ. ಮತ್ತೆ ಕೆಂಪು ದೀಪ. ವತ್ಸಮ್ಮ ಬೆರಳು ಅದ್ದಿ ನಾಲಗೆಗೆ ಇಟ್ಟಳು.

"ಇದರಲ್ಲಿ ಎಲ್ಲುಂಟು ಉಪ್ಪು? ವರ್ಷವಿಡೀ ಸಪ್ಪೆ ಗಂಜಿ ಉಂಡ ನಾಲಗೆ ನಿಮ್ಮದು. ಅದಕ್ಕೆ ಬಾವಿನೀರೂ ಉಪ್ಪಿನಕಾಯಿ."

ಅವಳು ರುಚಿ ನೋಡುತ್ತ, ತ್ಯಾಂಪಣ್ಣ ಸುರಿಯುತ್ತ ಹೋದರು. ಅವಳು "ಸಾಕು" ಅಂದದ್ದಕ್ಕೂ ಕೆಂಪು ದೀಪ ಆರಿದ್ದಕ್ಕೂ ಸರಿಹೋಯಿತು. ನಾಲ್ಕೇ ದಿನಗಳಲ್ಲಿ, ತಳಕ್ಕೆ ಬಿದ್ದ ಗುಂಡುಸೂಜಿಯೂ ಕಾಣುವಷ್ಟು ನೀರು ತಿಳಿಯಾಯಿತು. ಹಂದಿಗಳಿಗೆ ಬೇರೆ ಟಾಂಕಿ ಕಟ್ಟಿಸಿದರು.

ಇದಾಗಿ ಮೂರು ವರ್ಷ. ಐಪ್ ಈಗಲೂ ಈಜು ಕಲಿತಿಲ್ಲ. ಬೆಳಿಗ್ಗೆ ಸಂಜೆ ಕುತ್ತಿಗೆಯವರೆಗೆ ನಿಲ್ಲುತ್ತಾನೆ, ಅಷ್ಟೆ. ಉಪ್ಪಿನ ಅಧಿಕಾರವೆಲ್ಲ ವತ್ಸಮ್ಮನದು. ಶನಿವಾರ ಶನಿವಾರ ಬೆರಳು ಅದ್ದಿ ನೋಡುತ್ತಾಳೆ. ಕಳೆದ ತಿಂಗಳು ನಾನು ಹೋಗಿದ್ದಾಗ ಆ ಪರೀಕ್ಷೆ ನಡೆಯುತ್ತಿತ್ತು.

"ನೀರು ಆವಿಯಾದರೂ ಉಪ್ಪು ಅಲ್ಲಿಯೇ ಇರುದು ಅಂತ ನೀವೇ ಹೇಳಿದ್ದಲ್ಲವಾ?" ಎಂದು ವತ್ಸಮ್ಮ ಗಂಡನನ್ನು ಕೇಳಿದಳು.

"ಹೌದು. ಅದು ವಿಜ್ಞಾನ" ಎಂದ ಐಪ್, ಕೊಳದೊಳಗಿನಿಂದ.

"ಹಾಗಾದರೆ ಮಳೆ ಇಲ್ಲದ ಈ ಮಾವಿನಕಾಯಿಯ ಕಾಲದಲ್ಲಿ ಅದು ಕಮ್ಮಿ ಆಗುದು ಯಾಕೆ?"

ಐಪ್ ತಟಕ್ಕನೆ ಮುಳುಗಿದ. ವತ್ಸಮ್ಮ ಬಗ್ಗಿ ನೋಡಿದಳು, ನಾನೂ ನೋಡಿದೆ. ಅವನ ಪಾದದ ಬಳಿ, ಕೊಳದ ತಳದಲ್ಲಿ, ಅರ್ಧ ಕಚ್ಚಿದ ಕಾಟುಮಾವಿನಕಾಯಿ ಬಿದ್ದಿತ್ತು. ಹಲ್ಲಿನ ಗುರುತು ಎಣಿಸುವ ಹಾಗಿತ್ತು. ನೀರು ಅಷ್ಟು ತಿಳಿ.