ವಿಶ್ವಭಾಷೆ ಚಹಾ ಕುಡಿದದ್ದು

ಹೈಟೆಕ್ ಸಿಟಿಯ ಬಸ್ಸಿನಲ್ಲಿ ಟೈ ಕಟ್ಟಿದ ಹುಡುಗನಿಗೆ ಕಂಡಕ್ಟರನ ‘ಸಾರ್’. ಅವನ ಆಫೀಸಿನ ಗೋಡೆ ಕಟ್ಟಿದ ನಮ್ಮ ರಾಯಚೂರಿನ ಕೂಲಿಯವನಿಗೆ ‘ಏಯ್!’ ಕೇಳಿ ಕೇಳಿ ನನ್ನ ರಕ್ತ ಸನತ್‌ನಗರದ ಕಾರ್ಖಾನೆಯ ಬಾಯ್ಲರಿನಂತೆ ಕುದಿಯಿತು. ವಾರಪತ್ರಿಕೆಯ ನನ್ನ ಅಂಕಣದಲ್ಲಿ ಹನ್ನೊಂದು ಸಲ ಉಗಿದೆ. ಒಬ್ಬನೂ ತಿದ್ದಿಕೊಳ್ಳಲಿಲ್ಲ. ದೋಷ ಭಾಷೆಗಳದೇ ಎಂದು ತೀರ್ಮಾನಿಸಿ, ಸಮಸ್ತ ಭೂಮಂಡಲಕ್ಕೆ ‘ಸಮಾನಿ’ ಎಂಬ ಹೊಸ ಭಾಷೆ ಹುಟ್ಟಿಸಿದೆ. (ವ್ಯಾಕರಣ ಯಾರ ಬಳಿಯೂ ಕಲಿತವನಲ್ಲ, ಆದ್ದರಿಂದಲೇ ಎರಡು ವಾರದಲ್ಲಿ ಮುಗಿಯಿತು.)

ಸಮಾನಿಯಲ್ಲಿ ಮಂತ್ರಿಗೂ ಎಮ್ಮೆಗೂ ಒಂದೇ ಸರ್ವನಾಮ: ‘ಪು’. ಆಜ್ಞೆ ರದ್ದು. ಮಾತಾಡುವವರು ಒಂದೇ ಎತ್ತರದಲ್ಲಿ ಕೂತಿರದಿದ್ದರೆ ಕ್ರಿಯಾಪದವೇ ಅಸಿಂಧು!

“ಅಂದ್ರ ನಿಮ್ಮನ್ನ ಊಟಕ್ಕ ಕರೀಬೇಕಂದ್ರ ಒಲಿ ಬಿಟ್ಟು ಬಂದು ಸೋಫಾದ ಮ್ಯಾಲ ಕುಂದ್ರಬೇಕೇನ್ರಿ?” ಎಂದಳು ನನ್ನ ಹೆಂಡತಿ ಶಿವದೇವಿ.

“ಹೂಂ. ಕ್ರಾಂತಿ ಅಂದ್ರ ಇದ.”

“ಪಲ್ಯ ಹೊತ್ತಿತಂದ್ರ?”

“ಅದೂ ಕ್ರಾಂತೀನ.”

ಸಂಪಾದಕ ಶಿವಪ್ರಕಾಶರದು ಒಂದೇ ಷರತ್ತು: “ಒಂದ್ ಮನಿಯಾಗರ ಆ ಭಾಷಾ ನಡಿಯೂದು ತೋರಸ್ರಿ. ವ್ಯಾಕರಣ ಪೂರಾ ಧಾರಾವಾಹಿ ಹಾಕ್ತೀನಿ.” ಧಾರಾವಾಹಿ! ಜನ್ಮದ ಕನಸು. ಹೆಂಡತಿಗೂ, ಪಾತ್ರೆ ತಿಕ್ಕುವ ಯಂಕಮ್ಮನಿಗೂ ಒಂದು ತಿಂಗಳು ಪಾಠ ಮಾಡಿದೆ.

ಭಾನುವಾರ ಸಂಪಾದಕರು ಬಂದರು. ಯಂಕಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ವ್ಯಾಕರಣಬದ್ಧವಾಗಿ ಸೋಫಾದಲ್ಲಿ ನನ್ನ ಪಕ್ಕವೇ ಕೂತು, “ಪು ಲಾ ಸುಮೋ?” (ನೀನು ಕ್ಷೇಮವೇ?) ಎಂದಳು. ಸಂಪಾದಕರು “ಭಲೇ!” ಎಂದು ಪೆನ್ನು ತೆಗೆದರು.

ಆಗ ಚಹಾ ಬಂತು. ಮೂರು ಹೂವಿನ ಕಪ್ಪು. ನಾಲ್ಕನೆಯದು ಬಚ್ಚಲ ಕಿಟಕಿಯಲ್ಲಿ ಬೇರೆಯಾಗಿ ಬೋರಲು ಹಾಕಿಡುವ, ಹಿಡಿಕೆ ಮುರಿದ, ಯಂಕಮ್ಮನ ಕಪ್ಪು. ಶಿವದೇವಿ ಸಾಲಾಗಿ ಹಂಚುತ್ತ ಬಂದಳು. ಹೂವಿನದು ಯಂಕಮ್ಮನ ಕೈಗೆ, ಮುರುಕು ನನ್ನ ಮುಂದೆ!

“ಏ ಯಂಕೀ! ಇಡ ಕೆಳಗ! ನಿಂದು ಇದು!”

ಎದ್ದು ನಿಂತು, ಅಚ್ಚಗನ್ನಡದಲ್ಲಿ ಹೀಗೆ ಒದರಿದವನು ಸಮಾನಿಯ ಜನಕ. ನಾನೇ.

ಯಂಕಮ್ಮ ಕಪ್ಪು ಇಡಲಿಲ್ಲ. “ಕುಂತ್ ಮಾತಾಡ್ರಿ ಸಾಹೇಬ್ರ. ನಿಂತ್ರ ನನಗ ತಿಳಿಯಂಗಿಲ್ಲ,” ಎಂದು ಊದಿ ಊದಿ ಕುಡಿದಳು.

“ಯಾವ ಕಪ್ಪಾದ್ರೇನ್ರಿ? ಎಲ್ಲಾರೂ ‘ಪು’ ಅಲ್ಲೇನು?” ಎಂದಳು ಶಿವದೇವಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಸಂಪಾದಕರು ಪೆನ್ನಿನ ಮುಚ್ಚಳ ಹಾಕಿದರು. “ಧಾರಾವಾಹಿ ಬ್ಯಾಡ್ರಿ. ಈ ಕಪ್ಪಿನ ಸುದ್ದಿ ಒಂದ್ ಬರದ್ ಕೊಡ್ರಿ, ಸಾಕು.”

ಕೂತೆ. ಕುಡಿದೆ. ಹಿಡಿಕೆಯಿಲ್ಲದ ಕಪ್ಪು ಎಷ್ಟು ಸುಡುತ್ತದೆಂದು ಯಂಕಮ್ಮ ಆರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಬಲಗೈ ಬೆರಳಿಗೆಲ್ಲ ಬೊಬ್ಬೆ ಎದ್ದಿವೆ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ.